ಮಾತು ಕೈಕೊಟ್ಟಾಗ ಲಯ ಕೈಹಿಡಿಯುವುದು ಹೇಗೆ?

ಮೂರು ವರ್ಷದ ಹಿಂದೆ ದಾವಣಗೆರೆಯಲ್ಲಿರುವ ನಮ್ಮ ದೊಡ್ಡಮ್ಮನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಕಾಲು ನಿಧಾನಕ್ಕೆ ಚೇತರಿಸಿಕೊಂಡಿತು, ಮಾತು ಮಾತ್ರ ಬರಲಿಲ್ಲ. ನಾವು ಹೇಳಿದ್ದು ಅವಳಿಗೆ ಅರ್ಥವಾಗುತ್ತಿತ್ತು. ತನಗೆ ಏನು ಬೇಕು ಅನ್ನೋದೂ ಗೊತ್ತಿತ್ತು. ಆದರೆ ‘ನೀರು’ ಎನ್ನಲು ಬಾಯಿ ತೆರೆದರೆ ‘ಆ... ಆ...’ ಎಂದು ಅಲ್ಲೇ ನಿಂತುಬಿಡುತ್ತಿದ್ದಳು.

ಆಸ್ಪತ್ರೆಯಿಂದ ಬಿಡುವಾಗ ಕೊಟ್ಟ ಚೀಟಿಯಲ್ಲಿ ಬಿಪಿ ಮಾತ್ರೆ, ರಕ್ತ ತೆಳು ಮಾಡುವ ಮಾತ್ರೆ, ಕೈಕಾಲಿನ ವ್ಯಾಯಾಮ ಎಲ್ಲ ಬರೆದಿತ್ತು. ಮಾತಿನ ಬಗ್ಗೆ ಒಂದು ಸಾಲೂ ಇರಲಿಲ್ಲ. ಕೇಳಿದ್ದಕ್ಕೆ, ‘ವಯಸ್ಸಾಯ್ತಲ್ಲ, ಇಷ್ಟಾದ್ರೂ ಸುಧಾರಿಸಿದಾರಲ್ಲ’ ಅಂದರು.

ಆರು ತಿಂಗಳ ಮೇಲೆ ಮನೆಯಲ್ಲಿ ಒಂದು ಮದುವೆ ಬಂತು. ಅರಿಶಿನ ಹಚ್ಚುವ ದಿನ ಹೆಂಗಸರು ಸೋಬಾನೆ ಪದ ಎತ್ತಿದರು. ದೊಡ್ಡಮ್ಮ ಗೋಡೆಗೆ ಒರಗಿ ಕೂತಿದ್ದಳು. ಎರಡನೇ ಸಾಲಿಗೆ ಅವಳ ಎಡಗೈ ತೊಡೆ ತಟ್ಟತೊಡಗಿತು. ಮೂರನೇ ಸಾಲಿಗೆ ತುಟಿ ಅಲುಗಿತು. ಆಮೇಲೆ ಪದ ಬಂತು. ಸುಮ್ನೆ ಗುನುಗಿದ್ದಲ್ಲ, ಪದಗಳೇ ಬಂದವು. ಒಂದೊಂದು ಅಕ್ಷರವೂ ಸ್ಪಷ್ಟ. ಹಾಡುತ್ತಿದ್ದವರು ಅವಳನ್ನು ನೋಡಿ ದನಿ ತಗ್ಗಿಸಿದರು. ಅವಳು ಹಾಡುತ್ತಲೇ ಇದ್ದಳು. ಮುಗಿದ ಕೂಡಲೇ ಅಮ್ಮ ಓಡಿಹೋಗಿ ಕೈಹಿಡಿದು, ‘ಅಕ್ಕಾ, ಏನು ಬೇಕು? ನೀರು ಕೊಡ್ಲಾ?’ ಎಂದರು. ದೊಡ್ಡಮ್ಮ ಬಾಯಿ ತೆರೆದಳು. ‘ಆ... ಆ...’

ನೀರು ಅನ್ನುವ ಪದ ಆ ಹಾಡಿನಲ್ಲೂ ಇತ್ತು.

ಹಾಡಿನಲ್ಲಿ ಸಿಕ್ಕ ಪದ ಮಾತಿನಲ್ಲಿ ಯಾಕೆ ಸಿಗಲಿಲ್ಲ? ಅವತ್ತಿನಿಂದ ಈ ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ. ಓದುತ್ತಾ ಹೋದ ಹಾಗೆ, ಇದು ನಮ್ಮ ಮನೆಯೊಂದರ ಸಂಗತಿಯಲ್ಲ ಅಂತ ತಿಳಿಯಿತು. ಲಕ್ವದಿಂದ ಮಾತು ನಿಂತವರಿಗೂ, ಶಾಲೆಯಲ್ಲಿ ಓದಲು ತಡವರಿಸುವ ಮಕ್ಕಳಿಗೂ ಇದರ ಜೊತೆ ನೇರ ಸಂಬಂಧವಿದೆ.

ಮೆದುಳಿಗೆ ಪೆಟ್ಟುಬಿದ್ದು ಮಾತು ಕೆಡುವುದಕ್ಕೆ ಅಫೇಸಿಯಾ ಎನ್ನುತ್ತಾರೆ. ನಾಲಿಗೆಗೆ ಏನೂ ಆಗಿರುವುದಿಲ್ಲ. ಬುದ್ಧಿಯೂ ಹೋಗಿರುವುದಿಲ್ಲ. ಪದ ಹುಡುಕಿ, ಜೋಡಿಸಿ, ಬಾಯಿಗೆ ಕಳಿಸುವ ದಾರಿ ಕೆಟ್ಟಿರುತ್ತದೆ. ಇಂಥವರು ಹಾಡಬಲ್ಲರು ಅನ್ನೋದು ಬಹಳ ಹಳೆಯ ಸುದ್ದಿ. 1745ರಲ್ಲೇ ಸ್ವೀಡನ್ನಿನ ಓಲಾಫ್ ದಾಲಿನ್, ಮಾತು ಕಳೆದುಕೊಂಡೂ ಪ್ರಾರ್ಥನೆಯ ಹಾಡುಗಳನ್ನು ಪದ ಸಮೇತ ಹಾಡುತ್ತಿದ್ದ ಒಬ್ಬನ ಬಗ್ಗೆ ಬರೆದಿದ್ದರು. 1861ರಲ್ಲಿ ಪ್ಯಾರಿಸ್ಸಿನ ವೈದ್ಯ ಪಾಲ್ ಬ್ರೋಕಾ ಒಬ್ಬ ರೋಗಿಯನ್ನು ನೋಡಿದರು. ಏನು ಕೇಳಿದರೂ ಅವನ ಬಾಯಿಂದ ‘ಟಾನ್’ ಎಂಬ ಒಂದೇ ಸದ್ದು. ಅವನು ಸತ್ತ ಮೇಲೆ ಮೆದುಳು ನೋಡಿದರೆ ಎಡಭಾಗದ ಮುಂದುಗಡೆ ಹಾಳಾಗಿತ್ತು. ಆ ಜಾಗಕ್ಕೆ ಇವತ್ತಿಗೂ ಬ್ರೋಕಾ ಪ್ರದೇಶ ಅಂತಲೇ ಹೆಸರು. ದೊಡ್ಡಮ್ಮನ ಸ್ಕ್ಯಾನ್‌ನಲ್ಲಿ ಬಿಳಿಚಿಕೊಂಡಿದ್ದ ಜಾಗವೂ ಅದರ ಆಸುಪಾಸೇ.

ಸೋವಿಯತ್ ಸಂಗೀತ ರಚನಕಾರ ವಿಸ್ಸಾರಿಯಾನ್ ಶೆಬಾಲಿನ್ ಅವರದು ಇನ್ನೂ ಬೆರಗಿನ ಕತೆ. 1959ರಲ್ಲಿ ಲಕ್ವ ಹೊಡೆದು ಅವರ ಮಾತು ತೀರಾ ಕೆಟ್ಟಿತು. ಬೇರೆಯವರು ಹೇಳಿದ್ದೂ ಸರಿಯಾಗಿ ತಿಳಿಯುತ್ತಿರಲಿಲ್ಲ. ಆದರೂ ಸಂಗೀತ ಬರೆಯುವುದು ನಿಲ್ಲಲಿಲ್ಲ. 1962ರಲ್ಲಿ ತಮ್ಮ ಐದನೇ ಸಿಂಫನಿ ಮುಗಿಸಿದರು. ಭಾಷೆ ಮುರಿದುಬಿದ್ದ ತಲೆಯಲ್ಲಿ ಸಂಗೀತ ಅಷ್ಟು ಗಟ್ಟಿಯಾಗಿ ಉಳಿದಿತ್ತು.

ಇಂಥ ಕತೆ ಕೇಳಿದ ಕೂಡಲೇ ಜನ ಹೇಳುವ ಮಾತು ಒಂದಿದೆ: ‘ಎಡ ಮೆದುಳು ಭಾಷೆಗೆ, ಬಲ ಮೆದುಳು ಸಂಗೀತಕ್ಕೆ.’ ವಾಟ್ಸಾಪಿನಲ್ಲಿ ಚಿತ್ರ ಸಮೇತ ಓಡಾಡುತ್ತದೆ. ಇದರಲ್ಲಿ ಅರ್ಧ ಸತ್ಯವಿದೆ, ಆ ಅರ್ಧವನ್ನು ಸರಿಯಾಗಿ ಹಿಡಿಯಬೇಕು. 2020ರಲ್ಲಿ ಕೆನಡಾದ ಮಾಂಟ್ರಿಯಲ್‌ನ ಸಂಶೋಧಕರು ಒಂದು ಚೆಂದದ ಪ್ರಯೋಗ ಮಾಡಿದರು. ವಾದ್ಯವಿಲ್ಲದ ಹಾಡುಗಳನ್ನು ರೆಕಾರ್ಡ್ ಮಾಡಿ ಎರಡು ಬಗೆಯಲ್ಲಿ ಕೆಡಿಸಿದರು. ಮೊದಲನೆಯದರಲ್ಲಿ ಸದ್ದಿನ ಏರಿಳಿತದ ಸಮಯವನ್ನು ಮಸುಕು ಮಾಡಿದರು. ಎರಡನೆಯದರಲ್ಲಿ ಸ್ವರದ ವಿವರವನ್ನು ಮಸುಕು ಮಾಡಿದರು. ಸಮಯ ಕೆಟ್ಟಾಗ ಕೇಳುಗರಿಗೆ ಪದ ತಿಳಿಯಲಿಲ್ಲ, ರಾಗ ತಿಳಿಯಿತು. ಸ್ವರ ಕೆಟ್ಟಾಗ ರಾಗ ತಿಳಿಯಲಿಲ್ಲ, ಪದ ತಿಳಿಯಿತು. ಪದದ ಕೆಲಸಕ್ಕೆ ಎಡಗಡೆ, ರಾಗದ ಕೆಲಸಕ್ಕೆ ಬಲಗಡೆ ಜಾಸ್ತಿ ದುಡಿಯುತ್ತಿತ್ತು.

ಅಂದರೆ ಮೆದುಳು ‘ಇದು ಭಾಷೆ, ಇದು ಸಂಗೀತ’ ಎಂದು ಗೋಡೆ ಕಟ್ಟಿಕೊಂಡು ಕೂತಿಲ್ಲ. ಒಂದು ಕಡೆ ಸಮಯವನ್ನು ಸಣ್ಣಗೆ ಹೆಚ್ಚುತ್ತದೆ. ಇನ್ನೊಂದು ಕಡೆ ಸ್ವರವನ್ನು ಸೂಕ್ಷ್ಮವಾಗಿ ಅಳೆಯುತ್ತದೆ. ಪದ ಗುರುತಿಸಲು ಬೇಕಾದ್ದು ಸಮಯ. ಇಲ್ಲೇ ಲಯದ ಮಾತು ಬರುವುದು.

ಲಯ ಅಂದರೆ ಮೆದುಳಿಗೆ ಏನು? ನನಗೆ ಇದು ಸರಿಯಾಗಿ ಅರ್ಥವಾಗಿದ್ದು ಒನಕೆಯಿಂದ. ದುರ್ಗದ ಕಡೆ ಒನಕೆ ಅಂದರೆ ಓಬವ್ವನೇ ನೆನಪಾಗುತ್ತಾಳೆ, ನಾನು ಹೇಳುತ್ತಿರುವುದು ಅದರ ದಿನದ ಕೆಲಸ. ಚಿಕ್ಕವನಿದ್ದಾಗ ಹೊಳಲ್ಕೆರೆ ಕಡೆಯ ನೆಂಟರ ಮನೆಯಲ್ಲಿ ಇಬ್ಬರು ಹೆಂಗಸರು ಎದುರುಬದುರು ನಿಂತು ಒಂದೇ ಒರಳಿಗೆ ಒನಕೆ ಹಾಕುವುದನ್ನು ನೋಡುತ್ತಾ ಕೂರುತ್ತಿದ್ದೆ. ಒಬ್ಬರದು ಮೇಲೆ ಹೋದಾಗ ಇನ್ನೊಬ್ಬರದು ಕೆಳಗೆ. ದುಪ್, ದುಪ್, ದುಪ್. ಮಾತಾಡುತ್ತಾ, ಕೈ ಬದಲಿಸುತ್ತಾ ಕುಟ್ಟುತ್ತಿದ್ದರು. ಒಂದು ಸಲವೂ ಒನಕೆಗೆ ಒನಕೆ ತಾಗಿದ್ದು ನೋಡಿಲ್ಲ.

ಹೇಗೆ ಸಾಧ್ಯ ಇದು? ಎದುರಿನವರ ಒನಕೆ ಬಿದ್ದ ಸದ್ದು ಕೇಳಿ, ಆಮೇಲೆ ಕೈ ಇಳಿಸಿದರೆ ತಡವಾಗುತ್ತದೆ. ಸದ್ದು ಕೇಳಿ ಕೈ ಅಲುಗಿಸಲು ನಮಗೆ ಸುಮಾರು ಒಂದು ಸೆಕೆಂಡಿನ ಆರನೇ ಒಂದು ಭಾಗವಾದರೂ ಬೇಕು. ಅವರು ಕೇಳಿ ಕುಟ್ಟುತ್ತಿರಲಿಲ್ಲ, ಮುಂದಿನ ಪೆಟ್ಟು ಯಾವಾಗ ಅಂತ ಮೊದಲೇ ತಿಳಿದು ಕುಟ್ಟುತ್ತಿದ್ದರು. ಪ್ರಯೋಗಾಲಯದಲ್ಲೂ ಇದೇ ಕಾಣುತ್ತದೆ. ಟಿಕ್ ಟಿಕ್ ಸದ್ದಿಗೆ ಬೆರಳು ತಟ್ಟಿ ಎಂದರೆ ಹೆಚ್ಚಿನವರ ಬೆರಳು ಸದ್ದಿಗಿಂತ ಒಂದು ಕೂದಲೆಳೆ ಮೊದಲೇ ಬೀಳುತ್ತದೆ. ಲಯ ಅಂದರೆ ಮೆದುಳಿನ ಮಟ್ಟಿಗೆ ಮುನ್ಸೂಚನೆ.

ಈ ಮುನ್ಸೂಚನೆಯ ಕೆಲಸ ಬರೀ ಕಿವಿಯ ಭಾಗದ್ದಲ್ಲ. ತಾಳ ಸ್ಪಷ್ಟವಾಗಿರುವ ಸದ್ದು ಕೇಳಿದಾಗ, ಕೈಕಾಲು ಒಂದಿಷ್ಟೂ ಅಲುಗದಿದ್ದರೂ, ಚಲನೆಯನ್ನು ನೋಡಿಕೊಳ್ಳುವ ಭಾಗಗಳು ಎಚ್ಚರಗೊಳ್ಳುತ್ತವೆ. ಮೆದುಳಿನ ಆಳದಲ್ಲಿರುವ ಬೇಸಲ್ ಗ್ಯಾಂಗ್ಲಿಯಾ ಅವುಗಳಲ್ಲಿ ಮುಖ್ಯ. 2007ರ ಹೊತ್ತಿಗೇ ಸ್ಕ್ಯಾನ್‌ಗಳಲ್ಲಿ ಇದು ಕಂಡಿದೆ. ದುಗ್ಗಮ್ಮನ ಜಾತ್ರೆಯಲ್ಲಿ ತಮಟೆ ಶುರುವಾದರೆ ದೂರ ನಿಂತವನ ಕಾಲೂ ಅಲುಗುತ್ತದಲ್ಲ, ಅದು ಇದರಿಂದಲೇ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಕೆಡುವುದೂ ಬೇಸಲ್ ಗ್ಯಾಂಗ್ಲಿಯಾವೇ. ಆ ಕಾಯಿಲೆಯವರು ಹೆಜ್ಜೆ ಎತ್ತಲಾಗದೆ ನಿಂತಾಗ ಹೊರಗಿನಿಂದ ಒಂದು ತಾಳ ಕೊಟ್ಟರೆ ಎಷ್ಟೋ ಸಲ ಹೆಜ್ಜೆ ಬರುತ್ತದೆ. ಒಳಗಿನ ಗಡಿಯಾರ ನಿಂತಾಗ ಹೊರಗಿನ ಗಡಿಯಾರ ಕೆಲಸಕ್ಕೆ ಬಂತು. ತೊದಲುವವರು ಹಾಡುವಾಗ ತೊದಲದೇ ಇರುವುದರ ಹಿಂದೆಯೂ ಇಂಥದ್ದೇ ಕಾರಣ ಇರಬೇಕು ಅಂತ ಸಂಶೋಧಕರು ನೋಡುತ್ತಿದ್ದಾರೆ.

ಈ ಶಕ್ತಿ ಕಲಿತು ಬಂದದ್ದೂ ಅಲ್ಲ. 2009ರಲ್ಲಿ ಹಂಗೇರಿಯಲ್ಲಿ ಎರಡು ಮೂರು ದಿನದ ಹಸುಗೂಸುಗಳಿಗೆ, ಅವು ಮಲಗಿದ್ದಾಗ, ಡ್ರಮ್ ತಾಳ ಕೇಳಿಸಿದರು. ನಡುನಡುವೆ ಆವರ್ತದ ಮೊದಲ ಪೆಟ್ಟನ್ನೇ ಬಿಟ್ಟರು. ಬಿಟ್ಟ ಕಡೆ ಕೂಸಿನ ಮೆದುಳಿನ ಅಲೆಗಳಲ್ಲಿ ‘ಏನೋ ತಪ್ಪಿತು’ ಎಂಬ ಗುರುತು ಕಂಡಿತು. ಅದೇ ವರ್ಷ ಇನ್ನೊಂದು ಅಧ್ಯಯನ ಬಂತು. ಫ್ರೆಂಚ್ ಮತ್ತು ಜರ್ಮನ್ ಮನೆಗಳ ತಲಾ 30 ಕೂಸುಗಳ ಅಳುವನ್ನು ಹೋಲಿಸಿದರು. ಫ್ರೆಂಚ್ ಕೂಸಿನ ಅಳು ಹೆಚ್ಚಾಗಿ ಕೆಳಗಿಂದ ಮೇಲಕ್ಕೆ ಏರುತ್ತದೆ, ಜರ್ಮನ್ ಕೂಸಿನದು ಮೇಲಿಂದ ಕೆಳಕ್ಕೆ ಇಳಿಯುತ್ತದೆ. ಆಯಾ ಭಾಷೆಯ ಮಾತಿನ ಧಾಟಿಯೂ ಹಾಗೇ ಇದೆ. ಹೊಟ್ಟೆಯೊಳಗೆ ಪದಗಳು ಬಿಡಿಬಿಡಿಯಾಗಿ ಕೇಳುವುದಿಲ್ಲ. ನೀರಿನೊಳಗೆ ಮುಳುಗಿ ಕೇಳಿದ ಹಾಗೆ ಏರಿಳಿತ ಮತ್ತು ಲಯ ಮಾತ್ರ ದಾಟಿ ಬರುತ್ತವೆ. ಮಗು ತಾಯಿಭಾಷೆಯ ಲಯವನ್ನು ಮೊದಲು ಕಲಿಯುತ್ತದೆ, ಪದಗಳನ್ನು ಆಮೇಲೆ.

ಮಾತಿನ ಲಯಕ್ಕೂ ಹಾಡಿನ ಲಯಕ್ಕೂ ವೇಗ ಬೇರೆ. 2017ರಲ್ಲಿ ಒಂಬತ್ತು ಭಾಷೆಗಳ ಮಾತನ್ನೂ, ಬೇರೆ ಬೇರೆ ಬಗೆಯ ಸಂಗೀತವನ್ನೂ ಅಳೆದು ನೋಡಿದರು. ಮಾತಿನಲ್ಲಿ ದನಿಯ ಏರಿಳಿತ ಸೆಕೆಂಡಿಗೆ ಸುಮಾರು 5 ಸಲ, ಸಂಗೀತದಲ್ಲಿ ಸುಮಾರು 2 ಸಲ. ಆ 5 ಅನ್ನುವುದು ಹೆಚ್ಚುಕಮ್ಮಿ ಅಕ್ಷರದ ವೇಗ. ಮೆದುಳಿನಲ್ಲೂ ಸೆಕೆಂಡಿಗೆ 4ರಿಂದ 8 ಸಲ ಏರಿಳಿಯುವ ವಿದ್ಯುತ್ ಅಲೆಗಳಿವೆ, ಥೀಟಾ ಅಲೆ ಎನ್ನುತ್ತಾರೆ. ಯಾರಾದರೂ ಮಾತಾಡುವಾಗ ಕೇಳುಗನ ಈ ಅಲೆಗಳು ಆ ಮಾತಿನ ಅಕ್ಷರಗಳ ಜೊತೆ ಹೆಜ್ಜೆ ಹಾಕುತ್ತವೆ. ಹೆಜ್ಜೆ ಸರಿಯಾಗಿ ಕೂತರೆ ಮಾತು ತುಂಡು ತುಂಡಾಗಿ ಸಿಗುತ್ತದೆ, ಅರ್ಥವಾಗುತ್ತದೆ.

ಆ ಒಂಬತ್ತರಲ್ಲಿ ಕನ್ನಡ ಇಲ್ಲ. ಇರಬೇಕಿತ್ತು ಅನ್ನೋದು ನನ್ನ ಆಸೆ. ಯಾಕಂದರೆ ನಮ್ಮ ಭಾಷೆಯಲ್ಲಿ ಅರ್ಥವೇ ಸಮಯದ ಮೇಲೆ ನಿಂತಿದೆ. ಬಳೆಯನ್ನು ಸ್ವಲ್ಪ ಎಳೆದರೆ ಬಾಳೆ. ಮಲೆ ಎಳೆದರೆ ಮಾಲೆ. ಹಳಿಯ ನಡುವೆ ಒಂದು ಚೂರು ತಡೆದರೆ ಹಳ್ಳಿ. ಕತೆಗೆ ಒಂದು ಒತ್ತು ಬಿದ್ದರೆ ಕತ್ತೆ. ಲಘು ಒಂದು ಮಾತ್ರೆ, ಗುರು ಎರಡು ಮಾತ್ರೆ ಅಂತ ನಮ್ಮ ಹಿರಿಯರು ಅಳತೆ ಹಾಕಿಟ್ಟರು. ಪರೀಕ್ಷೆಗೆ ಪ್ರಸ್ತಾರ ಹಾಕಿ ಮರೆತುಬಿಡುವ ಪಾಠವಾಗಿ ಅದು ನಮಗೆ ಸಿಕ್ಕಿತು. ನಿಜಕ್ಕೂ ಅದು ಕನ್ನಡ ಕಿವಿಯ ಕೆಲಸದ ಲೆಕ್ಕ.

ಒಂದು ಚಿಕ್ಕ ಪರೀಕ್ಷೆ ಮಾಡಿ. ಈ ಎರಡು ಸಾಲನ್ನು ಜೋರಾಗಿ ಹೇಳಿ, ಸುಮ್ನೆ ಕಣ್ಣಲ್ಲಿ ಓದಬೇಡಿ:

ಮಳೆಯು ಬಂದಿತು ದುರ್ಗದೊಳಗಡೆ
ಹೊಳೆಯ ಹಾಗೆಯೆ ಹೊಂಡ ತುಂಬಿತು

ನಾನೇ ಕಟ್ಟಿದ್ದು, ಕಾವ್ಯವೇನಲ್ಲ. ಆದರೆ ಮೂರು ನಾಲ್ಕು ಮೂರು ನಾಲ್ಕು ಮಾತ್ರೆ ಇದೆ. ಗಮಕಿಗಳು ಹಾಡುವ ಭಾಮಿನಿ ಷಟ್ಪದಿಯ ನಡೆ ಇದು. ಮೃದಂಗದವರ ಬಾಯಲ್ಲಿ ಹೇಳಿಸಿದರೆ ‘ತಕಿಟ ತಕಧಿಮಿ, ತಕಿಟ ತಕಧಿಮಿ’ ಆಗುತ್ತದೆ, ಮಿಶ್ರಗತಿಯ ಏಳು. ಈಗ ಮೊದಲ ಸಾಲನ್ನು ‘ಮಳೆ ಬಂದಿತು ದುರ್ಗದೊಳಗೆ’ ಎಂದು ಹೇಳಿ, ಆಮೇಲೆ ಎರಡನೆಯದನ್ನು ಹಾಗೇ ಹೇಳಿ. ಎಲ್ಲೋ ಮೆಟ್ಟಿಲು ತಪ್ಪಿದ ಹಾಗೆ ಆಯಿತು, ಅಲ್ವಾ? ಛಂದಸ್ಸು ಗೊತ್ತಿಲ್ಲದವರಿಗೂ ಆಗುತ್ತದೆ. ಅರ್ಥ ಒಂದಿಷ್ಟೂ ಬದಲಾಗಿಲ್ಲ. ಮುರಿದದ್ದು ಮೆದುಳು ಕಟ್ಟಿಕೊಂಡಿದ್ದ ನಿರೀಕ್ಷೆ. ಹಂಗೇರಿಯ ಕೂಸುಗಳಲ್ಲಿ ಕಂಡದ್ದೂ ಅದೇ.

ಚಳ್ಳಕೆರೆ ತಾಲ್ಲೂಕಿನ ಜನಪದ ಹಾಡುಗಾರ್ತಿ ಸಿರಿಯಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಸಾವಿರಾರು ಹಾಡು ಬಾಯಲ್ಲಿದ್ದವು. ಹಂಪಿ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ಕೊಟ್ಟಿತು. ಅಷ್ಟು ಹಾಡು ತಲೆಯಲ್ಲಿ ಹೇಗೆ ನಿಂತವು ಅಂದರೆ, ಲಯ ಒಂದು ಸಾಲಿಗೆ ಮುಂದಿನ ಸಾಲನ್ನು ಕಟ್ಟಿಹಾಕುತ್ತದೆ. ತಪ್ಪು ಪದ ಬಂದರೆ ಜಾಗದಲ್ಲಿ ಕೂರುವುದಿಲ್ಲ, ತಾನೇ ಗೊತ್ತಾಗುತ್ತದೆ. ಮಗ್ಗಿಯನ್ನು ‘ಎರಡೊಂದ್ಲ ಎರಡು, ಎರಡೆರಡ್ಲ ನಾಲ್ಕು’ ಎಂದು ಕೂಗಿ ಕಲಿತವರಿಗೂ ಇದು ಗೊತ್ತಿರುವ ಅನುಭವವೇ.

ಶಾಲೆಯ ವಿಷಯಕ್ಕೆ ಬಂದೆ, ಹೇಳಲೇಬೇಕಾದ್ದು ಇಲ್ಲಿದೆ. ಕೇಂಬ್ರಿಡ್ಜಿನ ಉಷಾ ಗೋಸ್ವಾಮಿ ಅವರು ಡಿಸ್ಲೆಕ್ಸಿಯಾ ಇರುವ ಮಕ್ಕಳ ಬಗ್ಗೆ ಇಪ್ಪತ್ತು ವರ್ಷಕ್ಕೂ ಜಾಸ್ತಿ ಕೆಲಸ ಮಾಡಿದ್ದಾರೆ. ಅಕ್ಷರ ಓದಲು ಕಷ್ಟಪಡುವ ಈ ಮಕ್ಕಳಲ್ಲಿ ಅನೇಕರಿಗೆ ಅಕ್ಷರದ ದನಿ ಏರುವ ಆ ಕ್ಷಣ ಸ್ಪಷ್ಟವಾಗಿ ಸಿಗುವುದಿಲ್ಲ. ತಾಳಕ್ಕೆ ಸರಿಯಾಗಿ ತಟ್ಟಲೂ ತಡವರಿಸುತ್ತಾರೆ. ಇಂಗ್ಲಿಷ್ ಮಕ್ಕಳಲ್ಲಿ ಮಾತ್ರವಲ್ಲ, ಸ್ಪ್ಯಾನಿಷ್, ಚೀನಿ ಮಕ್ಕಳಲ್ಲೂ ಇದು ಕಂಡಿದೆ. ತೊಂದರೆ ಕಣ್ಣಿನಲ್ಲಿಲ್ಲ, ಕಿವಿ ಸಮಯವನ್ನು ಹಿಡಿಯುವುದರಲ್ಲಿದೆ ಎಂಬುದು ಅವರ ವಾದ.

ನಮ್ಮ ಮಕ್ಕಳ ಕಾಪಿ ಪುಸ್ತಕ ತೆಗೆದು ನೋಡಿ. ಕೆಂಪು ಶಾಯಿ ಜಾಸ್ತಿ ಬಿದ್ದಿರುವುದು ಎಲ್ಲಿ? ದೀರ್ಘದಲ್ಲಿ, ಒತ್ತಕ್ಷರದಲ್ಲಿ. ‘ಹಳ್ಳಿ’ ಬರೆಯಬೇಕಾದಲ್ಲಿ ‘ಹಳಿ’. ‘ಬಾಳೆ’ ಇರಬೇಕಾದಲ್ಲಿ ‘ಬಳೆ’. ಇವನ್ನು ಗಮನ ಇಲ್ಲದ್ದಕ್ಕೆ ಆದ ತಪ್ಪು ಅಂತ ಹತ್ತು ಸಲ ಬರೆಸುತ್ತೇವೆ. ನನಗೆ ಅನಿಸುವುದು, ಇವುಗಳಲ್ಲಿ ಬಹುಪಾಲು ಸಮಯದ ತಪ್ಪುಗಳು. ಮಗುವಿನ ಕಿವಿ ಒಂದು ಮಾತ್ರೆಗೂ ಎರಡು ಮಾತ್ರೆಗೂ ಇರುವ ವ್ಯತ್ಯಾಸವನ್ನು ಇನ್ನೂ ಗಟ್ಟಿಯಾಗಿ ಹಿಡಿದಿಲ್ಲ. ಹತ್ತು ಸಲ ಬರೆಸಿದರೆ ಕೈ ನೋಯುತ್ತದೆ, ಕಿವಿ ತಿದ್ದುವುದಿಲ್ಲ. ಚಪ್ಪಾಳೆ ತಟ್ಟಿ ಹೇಳಿಸಬೇಕು: ಹಳಿ, ಹಳ್‌-ಳಿ. ಗುರುವಿಗೆ ಕೈ ಹಿಡಿದು ನಿಲ್ಲಬೇಕು, ಲಘುವಿಗೆ ಬಿಡಬೇಕು.

ನಲಿ-ಕಲಿ ತರಗತಿಗಳಲ್ಲಿ ಹಾಡಿಗೆ, ಅಭಿನಯಕ್ಕೆ ಜಾಗವಿದೆ, ಅದು ಒಳ್ಳೆಯದು. ಮೂರನೇ ತರಗತಿ ದಾಟಿದ ಮೇಲೆ ಏನಾಗುತ್ತದೆ? ಪದ್ಯವನ್ನು ರಾಗವಾಗಿ ಹೇಳಿಸುವುದು ಹೋಗಿ, ಸಾರಾಂಶ ಬಾಯಿಪಾಠ ಮಾಡಿಸುವುದು ಬಂದಿದೆ. ಆ ಕಡೆ ಖಾಸಗಿ ಸಂಗೀತ ತರಗತಿಗಳು ‘ಮಗುವಿನ ಐಕ್ಯೂ ಹೆಚ್ಚುತ್ತದೆ’ ಎಂದು ಬೋರ್ಡು ಹಾಕುತ್ತವೆ. ಮೊಜಾರ್ಟ್ ಕೇಳಿದರೆ ಬುದ್ಧಿ ಬೆಳೆಯುತ್ತದೆ ಎಂಬ ಮಾತಿನ ಮೂಲ 1993ರ ಒಂದು ಚಿಕ್ಕ ಪ್ರಯೋಗ. ಅದರಲ್ಲಿದ್ದವರು 36 ಕಾಲೇಜು ವಿದ್ಯಾರ್ಥಿಗಳು, ಮಕ್ಕಳಲ್ಲ. ಕಂಡ ಲಾಭ ಕಾಲು ಗಂಟೆಯೊಳಗೆ ಮಾಯವಾಗಿತ್ತು. ಅದನ್ನು ನಂಬಿ ದುಡ್ಡು ಸುರಿಯುವ ಅಗತ್ಯವಿಲ್ಲ. ಶಾಲೆಯಲ್ಲೇ ದಿನಕ್ಕೆ ಹತ್ತು ನಿಮಿಷ ಪದ್ಯವನ್ನು ತಾಳ ಹಾಕಿ ಹೇಳಿಸಲು ಖರ್ಚೇ ಇಲ್ಲ.

ಈಗ ದೊಡ್ಡಮ್ಮನ ಪ್ರಶ್ನೆಗೆ ಬರುತ್ತೇನೆ. 1973ರಲ್ಲಿ ಅಮೆರಿಕದ ಬಾಸ್ಟನ್ನಿನ ಮೂವರು ತಜ್ಞರು, ಹಾಡಿನ ದಾರಿಯಲ್ಲೇ ಮಾತನ್ನು ವಾಪಸ್ ಕರೆತರುವ ಒಂದು ಪದ್ಧತಿ ರೂಪಿಸಿದರು. ಚಿಕ್ಕ ವಾಕ್ಯ ತೆಗೆದುಕೊಳ್ಳುವುದು. ಎರಡೇ ಸ್ವರದಲ್ಲಿ, ಒಂದು ಮೇಲೆ ಒಂದು ಕೆಳಗೆ, ನಿಧಾನಕ್ಕೆ ಹಾಡುವುದು. ಪ್ರತಿ ಅಕ್ಷರಕ್ಕೆ ರೋಗಿಯ ಎಡಗೈಯಿಂದ ಒಂದು ತಟ್ಟು. ಮೊದಲು ಜೊತೆಯಲ್ಲಿ ಗುನುಗುವುದು, ಆಮೇಲೆ ಜೊತೆಯಲ್ಲಿ ಹಾಡುವುದು, ಆಮೇಲೆ ನಾವು ಅರ್ಧಕ್ಕೆ ನಿಲ್ಲಿಸಿ ಅವರನ್ನೇ ಮುಂದುವರಿಸಲು ಬಿಡುವುದು. ಕೊನೆಗೆ ರಾಗ ಕಳಚಿ ಮಾತಿಗೆ ಇಳಿಯುವುದು.

ಇದರಲ್ಲಿ ಕೆಲಸ ಮಾಡುವುದು ರಾಗವೋ ಲಯವೋ? ಬಹಳ ವರ್ಷ ರಾಗ ಎಂದೇ ನಂಬಿದ್ದರು. 2011ರಲ್ಲಿ ಜರ್ಮನಿಯ ಲೈಪ್‌ಜಿಗ್‌ನ ಸಂಶೋಧಕರು ಇಂಥ 17 ರೋಗಿಗಳಲ್ಲಿ ಎರಡನ್ನೂ ಬೇರ್ಪಡಿಸಿ ನೋಡಿದರು. ಹಾಡಿಸಿದ್ದರಿಂದಲೇ ಹೆಚ್ಚಿನ ಲಾಭ ಕಾಣಲಿಲ್ಲ. ತಾಳದಿಂದ ಲಾಭ ಕಂಡಿತು. ಮೊದಲಿನಿಂದ ಬಾಯಿಗೆ ರೂಢಿಯಾದ ಪದಗಳಾದರೆ ಇನ್ನೂ ಹೆಚ್ಚು ಲಾಭ. ಬೇಸಲ್ ಗ್ಯಾಂಗ್ಲಿಯಾಕ್ಕೂ ಪೆಟ್ಟಾದವರು ತಾಳದ ಮೇಲೆ ಜಾಸ್ತಿ ಅವಲಂಬಿಸಿದ್ದರು.

ಇದನ್ನು ಓದಿದಾಗ ನನಗೆ ಆ ಅರಿಶಿನದ ದಿನ ಕಣ್ಣಮುಂದೆ ಬಂತು. ಮೊದಲು ಎದ್ದದ್ದು ಅವಳ ದನಿಯಲ್ಲ, ಎಡಗೈ. ಆಮೇಲೆ ತುಟಿ, ಆಮೇಲೆ ಪದ. ಸೋಬಾನೆ ಪದ ಐವತ್ತು ವರ್ಷದಿಂದ ಅವಳ ಬಾಯಲ್ಲಿ ಸವೆದು ನುಣುಪಾಗಿತ್ತು. ಹೊಸದಾಗಿ ಕಟ್ಟಬೇಕಾದ ‘ನೀರು ಕೊಡು’ ಬೇರೆ ದಾರಿಯ ಕೆಲಸ, ಆ ದಾರಿ ಮುರಿದಿತ್ತು. ಹಾಡಿನಲ್ಲಿ ಬಂದ ‘ನೀರು’ ಅವಳು ಹುಡುಕಿ ತೆಗೆದ ಪದವಲ್ಲ, ಸಾಲಿನ ಜೊತೆ ತಾನಾಗಿ ಹರಿದು ಬಂದದ್ದು. ಪ್ರಶ್ನೆಗೆ ಉತ್ತರ ಇಷ್ಟೇ ಇತ್ತು.

ಈ ಪದ್ಧತಿಯ ಮಿತಿಯನ್ನೂ ಹೇಳಬೇಕು. ಅಭ್ಯಾಸ ಮಾಡಿಸಿದ ವಾಕ್ಯಗಳು ಚೆನ್ನಾಗಿ ಸುಧಾರಿಸುತ್ತವೆ. ಮಾಡಿಸದ ಮಾತಿಗೆ ಆ ಲಾಭ ಅಷ್ಟಾಗಿ ಹರಡುವುದಿಲ್ಲ ಎಂದು ಇತ್ತೀಚಿನ ಅಧ್ಯಯನಗಳು ಹೇಳುತ್ತವೆ. ಎಲ್ಲ ಬಗೆಯ ಅಫೇಸಿಯಾಕ್ಕೂ ಇದು ಹೊಂದುವುದಿಲ್ಲ. ಮುಖ್ಯವಾಗಿ, ಅರ್ಥವಾಗುತ್ತದೆ ಆದರೆ ಆಡಲಾಗುವುದಿಲ್ಲ ಎನ್ನುವವರಿಗೆ. ಯಾರಿಗೆ ಯಾವುದು ಅಂತ ನೋಡಿ ಹೇಳಬೇಕಾದವರು ಸ್ಪೀಚ್ ಥೆರಪಿಸ್ಟ್. ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಆದರೆ ಜಗಳೂರಿನ ಮನೆಯವರು ಲಕ್ವ ಹೊಡೆದವರನ್ನು ಕಾರಿನಲ್ಲಿ ಮಲಗಿಸಿಕೊಂಡು ವಾರಕ್ಕೆ ಎರಡು ಸಲ ಬೆಂಗಳೂರಿಗೆ ಹೋಗಲಾಗುತ್ತದಾ? ಲಕ್ವದ ರೋಗಿಯನ್ನು ಮನೆಗೆ ಕಳಿಸುವ ಪ್ರತಿ ಆಸ್ಪತ್ರೆಯ ಚೀಟಿಯಲ್ಲೂ ಮಾತಿನ ಚಿಕಿತ್ಸೆಗೆ ಒಂದು ಸಾಲು ಇರಬೇಕು. ಊರಲ್ಲೇ ಆ ಚಿಕಿತ್ಸೆ ಸಿಗಬೇಕು. ಕೈಕಾಲಿಗೆ ಫಿಸಿಯೋಥೆರಪಿ ಬೇಕು ಅನ್ನೋದು ಈಗ ಎಲ್ಲರಿಗೂ ಗೊತ್ತು. ಮಾತಿಗೂ ಅಂಥದ್ದು ಇದೆ ಅನ್ನೋದು ಎಷ್ಟೋ ಮನೆಗಳಿಗೆ ಗೊತ್ತೇ ಇಲ್ಲ. ನಮಗೂ ಗೊತ್ತಿರಲಿಲ್ಲ. ಆರು ತಿಂಗಳು ಸುಮ್ನೆ ಕಳೆದವು, ಅದು ಇವತ್ತಿಗೂ ನನಗೆ ನೋವು.

ಮದುವೆ ಮುಗಿದ ಮೇಲೆ ಹುಡುಕಿ ಒಬ್ಬ ಥೆರಪಿಸ್ಟನ್ನು ಕಂಡೆವು. ಅವರು ಮೊದಲು ಕೇಳಿದ್ದು, ‘ಇವರಿಗೆ ದಿನಾ ಬೇಕಾಗೋ ಮಾತು ಯಾವುದು?’ ಅಂತ. ‘ನೀರು ಬೇಕು’ ಎಂದೆವು. ಗುರು ಲಘು, ಗುರು ಲಘು. ಮೂರು ಮೂರು ಮಾತ್ರೆ. ಅಮ್ಮ ದಿನಾ ಬೆಳಿಗ್ಗೆ ಸಂಜೆ ದೊಡ್ಡಮ್ಮನ ಎಡಗೈ ಹಿಡಿದು ಮಂಚದ ಅಂಚಿಗೆ ತಟ್ಟುತ್ತಾ ಹಾಡಿಸಿದರು. ನೀ-ರು-ಬೇ-ಕು. ಮೊದಲ ವಾರ ಬರೀ ಗುನುಗು. ತಿಂಗಳ ಹೊತ್ತಿಗೆ ‘ನೀ’ ಬಂತು. ನಾಲ್ಕನೇ ತಿಂಗಳು ಒಂದು ಸಂಜೆ ಯಾರೂ ಕೇಳದೆ ಪೂರ್ತಿ ವಾಕ್ಯ ಬಂತು. ಅಮ್ಮ ನೀರಿನ ಲೋಟ ಹಿಡಿದು ಅಳುತ್ತಾ ನಿಂತಿದ್ದರು.

ಹೋದ ತಿಂಗಳು ದಾವಣಗೆರೆಗೆ ಹೋಗಿದ್ದೆ. ಮಧ್ಯಾಹ್ನ ಬಸ್ ಇಳಿದು ಮನೆಗೆ ಹೋದರೆ ಅವಳು ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದಳು. ನನ್ನ ಮುಖ ನೋಡಿದಳು. ಎಡಗೈ ಕುರ್ಚಿಯ ಕೈ ಮೇಲೆ ಎರಡು ಸಲ ತಟ್ಟಿತು, ನಿಂತಿತು, ಮತ್ತೆ ತಟ್ಟಿತು.

‘ಊ-ಟ... ಮಾ-ಡು.’

ಆ ಮಾತನ್ನು ನಾವ್ಯಾರೂ ಅಭ್ಯಾಸ ಮಾಡಿಸಿರಲಿಲ್ಲ.